ಊದುವ ದಿನ

ಊದುವ ದಿನ ಬಂತೆಂದರೆ ಕದಿರೇಶನಿಗೆ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಬೇರೆ ದಿನ ಅವನು ನಿಂತೇ ಹೋಗುವವನು. ಬಸ್ಸು ಲಕ್ಕೂರಿಗೆ ಬರುವ ಹೊತ್ತಿಗೆ ಭರ್ತಿಯಾಗಿರುತ್ತದೆ, ಯಾರೂ ಬಾರಪ್ಪ ಕೂತ್ಕೋ ಎನ್ನುವುದಿಲ್ಲ. ಇವತ್ತು ಮಾತ್ರ ಪಾಲಿಶ್ ಮಾಡುವ ದೊಡ್ಡವೆಂಕಟಪ್ಪ, ಇವನಿಗಿಂತ ಎಷ್ಟೋ ವರ್ಷ ಹಿರಿಯ, ಎದ್ದು ಜಾಗ ಬಿಟ್ಟುಕೊಟ್ಟ. "ಕೂತ್ಕೋ ಓಲಗ, ದಮ್ಮು ಉಳಿಸ್ಕೋ, ಕೆಲಸ ಐತೆ," ಎಂದ. ಹಿಂದಿನ ಸೀಟಿನವರು ನಕ್ಕರು. ಯಾರೋ ಒಂದು ಬನ್ನು ಮುಂದಕ್ಕೆ ದಾಟಿಸಿದರು, ಅದು ಕೈಯಿಂದ ಕೈಗೆ ಬಂದು ಕದಿರೇಶನ ತೊಡೆಯ ಮೇಲೆ ಕೂತಿತು. ಅವನು ಅದನ್ನು ಮುಟ್ಟಲಿಲ್ಲ. ಕಳೆದ ವರ್ಷ ಇದೇ ದಿನ ಬನ್ನು ತಿಂದು, ಮೇಲೆ ಟೀ ಕುಡಿದು, ಮೀಸೆ ಒರೆಸಿಕೊಂಡು, 'ಎಷ್ಟು ಜನ ಇದೀರ ಬನ್ರೋ' ಎಂದು ಎದೆ ಉಬ್ಬಿಸಿದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಪಕ್ಕದಲ್ಲಿ ನಿಂತಿದ್ದ ಸುರೇಶ ಕೆಮ್ಮಿದ. ಕೆಮ್ಮನ್ನು ಒಳಗೇ ನುಂಗಿಕೊಳ್ಳಲು ನೋಡಿದ, ಆಗಲಿಲ್ಲ. ಸುರೇಶ ಅವನ ತಂಗಿ ಮುನಿಲಕ್ಷ್ಮಿಯ ಗಂಡ.

ಅವರ ಕಾರ್ಖಾನೆಯಲ್ಲಿ ತಯಾರಾಗುವುದು ಅಡುಗೆಮನೆಯ ಕಟ್ಟೆಗೆ ಹಾಸುವ ಥಳಥಳ ಕಲ್ಲು. ಬಿಳಿಗಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಒತ್ತಿ, ಹಲಗೆ ಮಾಡಿ, ಆಮೇಲೆ ಬೇಕಾದ ಅಳತೆಗೆ ಕೊಯ್ಯುತ್ತಾರೆ. ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು. ಪೈಪೇನೋ ಇದೆ, ನಲ್ಲಿಯೂ ಇದೆ, ನೀರು ಮಾತ್ರ ಇಲ್ಲ. ಕೇಳಿದರೆ ಮ್ಯಾನೇಜರ್ ಅನಿಲ್‌ಕುಮಾರ್, "ಕೋಲಾರ ಜಿಲ್ಲೇಲಿ ಕುಡಿಯೋಕೇ ನೀರಿಲ್ಲ ಕಣ್ರೋ, ಕಲ್ಲಿಗೆ ಸ್ನಾನ ಮಾಡಿಸ್ಲಾ?" ಎಂದು ನಗುತ್ತಾನೆ. ಹಾಗಾಗಿ ಒಣಗಿದ್ದನ್ನೇ ಕೊಯ್ಯುವುದು. ರಾಗಿ ಬೀಸಿದಾಗ ಏಳುವ ಹಿಟ್ಟಿನಷ್ಟು ನಯವಾದ ಧೂಳು, ರೆಪ್ಪೆಯ ಮೇಲೆ, ಕಿವಿಯ ಮಡಿಕೆಯಲ್ಲಿ, ಬುತ್ತಿಯ ಮುಚ್ಚಳದ ಸಂದಿನಲ್ಲಿ. ವರ್ಷಕ್ಕೊಂದು ಸಲ ಒಂದು ವ್ಯಾನು ಬಂದು ಕ್ಯಾಂಟೀನಿನ ಪಕ್ಕ ನಿಲ್ಲುತ್ತದೆ. ಪ್ರತಿಯೊಬ್ಬನೂ ಹತ್ತಿ, ಒಳಗಿನ ಮೆಷಿನ್ನಿನ ಕೊಳವೆಗೆ ಬಾಯಿಟ್ಟು ಎದೆಯಲ್ಲಿರುವ ಗಾಳಿಯನ್ನೆಲ್ಲ ಊದಬೇಕು. ಊದಿದ್ದು ಸಾಲದೆ ಹೋದರೆ ಮಾರನೆಯ ದಿನ ಗೇಟಿನಲ್ಲಿ ಕೊರಳಿನ ಹೆಸರಿನ ಟ್ಯಾಗು ಇಸಿದುಕೊಂಡು ಕೆಲಸದಿಂದ ಕಳಿಸುತ್ತಾರೆ. ಔಷಧಿ ಇಲ್ಲ, ಏನೂ ಇಲ್ಲ. ಅದಕ್ಕೇ ಊದಲಾರದವರ ಬದಲಿಗೆ ಕದಿರೇಶ ಊದುತ್ತಾನೆ.

ಇದರಲ್ಲಿ ಗುಟ್ಟೇನೂ ಇಲ್ಲ. ಬಾಯಿಯ ಹತ್ತಿರ ಮಾತ್ರ ಸರಿಸಿದ ಮಾಸ್ಕು, ಟೋಪಿ, ಮೈಮೇಲೆ ಬಿಳಿ ಧೂಳು, ಎಲ್ಲರೂ ಒಂದೇ ಥರ ಕಾಣುತ್ತಾರೆ. ಕ್ಯಾಂಟೀನಿನ ಹಿಂದೆ ಟ್ಯಾಗು ಬದಲಾಯಿಸಿಕೊಂಡರೆ ಮುಗಿಯಿತು. ಮುಳಬಾಗಿಲಿನ ಓಲಗದವರ ಮನೆಯ ಹುಡುಗ, ನಾಗಸ್ವರದ ಪೀಪಿ ಕಚ್ಚಿಯೇ ಬೆಳೆದವನು. ಅಪ್ಪ ಚಿಕ್ಕಂದಿನಲ್ಲಿ ನೀರಿನ ಚೊಂಬಿನೊಳಗೆ ಪಪ್ಪಾಯಿ ದಂಟು ಇಟ್ಟು ಊದಿಸುತ್ತಿದ್ದ. ಗುಳ್ಳೆ ನಿಲ್ಲಬಾರದು; ಕೆನ್ನೆಯಲ್ಲಿರುವ ಗಾಳಿ ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸದನ್ನು ಎಳೆದುಕೊಳ್ಳಬೇಕು. ನಿಂತರೆ ತಲೆಯ ಮೇಲೊಂದು ಮೊಟಕು. ಕಾರ್ಖಾನೆಯಲ್ಲಿ ಓಲಗದವನು ಎಂದು ಪಕ್ಕದಲ್ಲಿ ಕೂತು ಉಣ್ಣಲು ಹಿಂದೆಮುಂದೆ ನೋಡುತ್ತಿದ್ದವರೇ ಮೊದಲ ವರ್ಷ ಅವನ ಬೆನ್ನು ತಟ್ಟಿದರು. ಆಗ ಸುರೇಶನಿಗೆ ನೆಗಡಿ. ನೆಗಡಿ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 'ಇದೊಂದು ಸಲ ನೀನು ಊದಿಬಿಡು ಭಾವ' ಎಂದಿದ್ದ, ಕದಿರೇಶ ಊದಿದ. ಆಮೇಲೆ ದೊಡ್ಡವೆಂಕಟಪ್ಪ, ಆಮೇಲೆ ಇನ್ನಿಬ್ಬರು. ಅನಿಲ್‌ಕುಮಾರನಿಗೂ ಗೊತ್ತು. ಎಲ್ಲರೂ ಪಾಸಾದರೆ ಅವನಿಗೂ ಒಳ್ಳೆಯದೇ, ಕಾರ್ಖಾನೆಯ ಗಾಳಿ ಶುದ್ಧ ಎಂದು ಆಫೀಸಿನ ಗೋಡೆಗೆ ಸರ್ಟಿಫಿಕೇಟ್ ನೇತುಹಾಕಬಹುದು. ಅದು ನೇತಾಡುತ್ತಲೂ ಇದೆ, ಕಟ್ಟು ಹಾಕಿಸಿದ್ದಾರೆ. ಅದರಲ್ಲಿರುವುದೆಲ್ಲ ತನ್ನ ಒಬ್ಬನ ಉಸಿರು ಎಂದು ಕದಿರೇಶ ಒಳಗೊಳಗೇ ಬೀಗಿದ್ದ. ಥೂ!

ನಿನ್ನೆ ಸಂಜೆ ಮುನಿಲಕ್ಷ್ಮಿ ಬಸ್ಸಾರು ತುಂಬಿದ ಡಬ್ಬಿ ಹಿಡಿದು ಬಂದಿದ್ದಳು. ಕೇಳುವುದಿದ್ದಾಗಲೆಲ್ಲ ಅವಳು ಏನಾದರೂ ಮಾಡಿಕೊಂಡೇ ಬರುವುದು. "ಅಣ್ಣಾ, ನಾಳೆ ಮರೀಬೇಡ. ಅವ್ರು ಮೆಟ್ಲು ಹತ್ತೋಕೇ ಕೂತ್ಕೂತು ಹತ್ತಾವ್ರೆ," ಎಂದಳು. ಕೂತು ಕೂತು ಹತ್ತುವವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಾರದೇನೇ ಎಂದು ಬಾಯಿಗೆ ಬಂದಿತ್ತು. ಅವಳೇ ಮುಂದುವರಿಸಿದಳು: "ತೋರ್ಸೋಣ ಅಂದ್ರೆ, ಕಂಪನೀಲಿ ಪ್ರತಿ ವರ್ಷ ಚೆನ್ನಾಗೇ ಬತ್ತಾ ಐತಲ್ಲ, ಸುಮ್ನೆ ಯಾಕೆ ಅಂತಾರೆ." ಕದಿರೇಶ ಬಾಯಿಗೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಅವಳಿಗೆ ಗೊತ್ತು, ಊದಿದ್ದು ಅಣ್ಣ ಎಂದು ಗೊತ್ತು, ಆದರೂ ಚೆನ್ನಾಗೇ ಬಂದಿದೆ ಎನ್ನುತ್ತಾಳೆ! ಅವನು ಇನ್ನೊಂದು ಸೌಟು ಸಾರು ಬಡಿಸಿಕೊಂಡ. ತನ್ನ ಎದೆಯ ಎಕ್ಸ್‌ರೇ ತೆಗೆಸಿದ್ದನ್ನು ಅವಳಿಗೆ ಹೇಳಲಿಲ್ಲ.

ಶ್ರೀನಿವಾಸಪುರದ ಮದುವೆಯಲ್ಲಿ ಆದದ್ದನ್ನೂ ಹೇಳಿರಲಿಲ್ಲ. ಮಾವಿನ ವ್ಯಾಪಾರದವರ ಮನೆಯ ಮದುವೆ, ಛತ್ರದ ತುಂಬ ಜನ. ತಾಳಿ ಕಟ್ಟುವ ಗಳಿಗೆ, ಪುರೋಹಿತರು ಕೈ ಎತ್ತಿ ಗಟ್ಟಿಮೇಳ, ಗಟ್ಟಿಮೇಳ ಎಂದರು. ಕದಿರೇಶ ಸ್ವರವನ್ನು ಮೇಲಕ್ಕೆತ್ತಿದ. ಎತ್ತಿದ ಸ್ವರ ಅರ್ಧದಲ್ಲಿ ಕಡಿದುಹೋಯಿತು. ಎಳೆದುಕೊಂಡರೆ ಒಳಗೆ ಗಾಳಿ ಬರುತ್ತಿಲ್ಲ; ಎದೆಯೊಳಗೆ ಯಾರೋ ಬಾಗಿಲು ಹಾಕಿಕೊಂಡು ಕೂತಹಾಗೆ. ಡೋಲು ಬಾರಿಸುತ್ತಿದ್ದ ಚಿಕ್ಕಪ್ಪ ಸುಬ್ಬರಾಯಪ್ಪ ಕಣ್ಣು ಕೆಕ್ಕರಿಸಿ ನೋಡಿ, ಎರಡು ಕೈಯಲ್ಲೂ ಬಾರಿಸಿ ಬಾರಿಸಿ ಆ ಖಾಲಿಯನ್ನು ಮುಚ್ಚಿದ. ತಾಳಿ ಕಟ್ಟಿ ಆಯಿತು. ಊಟಕ್ಕೆ ಕೂತಾಗ ಗಂಡಿನ ಕಡೆಯವನೊಬ್ಬ, ಇವರು ಕೇಳಲಿ ಎಂತಲೇ, 'ಮೊಬೈಲಲ್ಲಿ ರೆಕಾರ್ಡ್ ಹಾಕಿದ್ರೆ ಆಗ್ತಿತ್ತು' ಎಂದ. ಚಿಕ್ಕಪ್ಪ ಕೈ ತೊಳೆಯುವಲ್ಲಿ ಹತ್ತಿರ ಬಂದು, "ಏಮಿರಾ, ಊಪಿರಿಕಿ ಏಮೈಂದಿ?" ಎಂದು ತೆಲುಗಿನಲ್ಲಿ ಕೇಳಿದ. ಉಸಿರಿಗೇನಾಯಿತೋ ಎಂದು ಕೇಳಿದ್ದು ಅಷ್ಟೇ, ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕದಿರೇಶ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

ಅದಾದ ವಾರಕ್ಕೇ ಕೋಲಾರಕ್ಕೆ ಹೋದ. ಎದೆರೋಗದ ಡಾಕ್ಟರು ಶೋಭಾರಾಣಿ, ನಡುವಯಸ್ಸಿನ ಹೆಂಗಸು, ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಹಾಳೆಯ ಮೇಲುಭಾಗದಲ್ಲಿ ಎರಡೂ ಕಡೆ ಬಿಳಿ ಚುಕ್ಕೆ, ರವೆ ಚೆಲ್ಲಿದ ಹಾಗೆ. "ಕಲ್ಲು ಕೊಯ್ತೀರಾ?" ಎಂದರು. ಹೌದೆಂದ. ಏನಾಗಿದೆ ಎಂದು ಕೇಳಿದರೆ ಬೇರೆ ಡಾಕ್ಟರುಗಳಂತೆ ಚೀಟಿ ಬರೆದು ಕಳಿಸಲಿಲ್ಲ, ಕುರ್ಚಿ ಎಳೆದುಕೊಂಡು ಹೇಳುತ್ತ ಕೂತರು. "ನೋಡಿ ಕದಿರೇಶ್, ನಿಮ್ಮ ಮೈಯೆಲ್ಲ ಜೀವಕೋಶ. ಒಂದೊಂದರೊಳಗೂ ಸಣ್ಣ ಸಣ್ಣ ಒಲೆಗಳಿವೆ, ಮೈಟೊಕಾಂಡ್ರಿಯಾ ಅಂತೀವಿ. ನೀವು ಎಳ್ಕೊಳ್ಳೋ ಗಾಳಿ ಕೊನೆಗೆ ಹೋಗೋದು ಆ ಒಲೆಗೇ. ಒಲೆ ಉರಿಯುವಾಗ ಕಿಡಿ ಹಾರುತ್ತಲ್ಲ, ಅಲ್ಲೂ ಹಾರುತ್ತೆ." ಕಿಡಿ ಅಂದ್ರೆ ಸುಡುತ್ತಲ್ಲ ಮೇಡಂ, ಅದಕ್ಕೇ ರೋಗವಾ ಎಂದು ಕೇಳಿದ. "ಅಲ್ಲೇ ಎಲ್ಲರೂ ತಪ್ಪು ತಿಳ್ಕೊಳ್ಳೋದು. ಒಂದೆರಡು ಕಿಡಿ ಬೇಕೇಬೇಕು. ಇಲ್ಲೇನೋ ಕೆಟ್ಟಿದೆ, ಬನ್ನಿ, ರಿಪೇರಿ ಮಾಡಿ ಅಂತ ಕೋಶ ಕೂಗಿ ಹೇಳೋದು ಆ ಕಿಡೀಲೇ. ಅದು ಸುದ್ದಿ. ಈಗ ನಿಮ್ಮ ಕಲ್ಲಿನ ಧೂಳು ಒಳಗೆ ಹೋಯ್ತು. ಕಾವಲಿಗಿರೋ ಕೋಶ ಬಂದು ಅದನ್ನ ನುಂಗುತ್ತೆ. ಕಲ್ಲು, ಅರಗುತ್ತಾ? ಒಳಗಿನ ಒಲೆಗಳು ಕೆಡ್ತವೆ, ಕಿಡಿ ಮೇಲೆ ಕಿಡಿ, ಕೂಗಿನ ಮೇಲೆ ಕೂಗು. ಕೂಗು ಕೇಳಿ ಬಂದ ಕೋಶಗಳು ಗಾಯ ಮುಚ್ಚೋಕೆ ನಾರು ಹೆಣೀತವೆ. ಕೂಗು ನಿಲ್ಲಲ್ಲ, ಹೆಣೆಯೋದೂ ನಿಲ್ಲಲ್ಲ. ಮೆತ್ತಗೆ ಹಿಗ್ಗಬೇಕಾದ ಶ್ವಾಸಕೋಶ ತೆಂಗಿನ ನಾರಿನ ಹಾಗೆ ಬಿರುಸಾಗುತ್ತೆ. ನುಂಗಿದ ಕೋಶ ಸತ್ತರೆ ಅದೇ ಧೂಳನ್ನ ಇನ್ನೊಂದು ನುಂಗುತ್ತೆ."

ಹಾಗಾದ್ರೆ ಕಿಡಿ ನಂದಿಸೋಕೆ ಮಾತ್ರೆ ಕೊಡಿ ಎಂದ ಕದಿರೇಶ. ಮಾಲೂರಿನ ಔಷಧಿ ಅಂಗಡಿಯಲ್ಲಿ ಶಕ್ತಿಗೆಂದು ಕೊಂಡ ವಿಟಮಿನ್ ಮಾತ್ರೆಯ ಡಬ್ಬಿ ಅವನ ಚೀಲದಲ್ಲೇ ಇತ್ತು. ಶೋಭಾರಾಣಿ ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ಬೇಡದ ಕಿಡಿ ಮಾತ್ರ ಹುಡುಕಿ ನಂದಿಸೋ ಔಷಧಿಗೆ ಜಗತ್ತೆಲ್ಲ ಒದ್ದಾಡ್ತಾ ಇದೆ, ಇನ್ನೂ ಕೈಗೆ ಬಂದಿಲ್ಲ. ಇಂಥದ್ದು ತಿಂದು ಎಲ್ಲ ಕಿಡಿ ನಂದಿಸ್ತೀನಿ ಅಂತ ಹೊರಟ್ರೆ ಸುದ್ದಿನೂ ನಂದಿಹೋಗುತ್ತೆ. ಆಗಿರೋ ಗಾಯ ಹೋಗಲ್ಲ, ಸುಳ್ಳು ಹೇಳಲ್ಲ ನಾನು. ಆದ್ರೆ ಧೂಳು ಇವತ್ತೇ ನಿಂತರೆ ಉಳಿದಿರೋದು ಉಳಿಯಬಹುದು. ಯಾರಿಗೆ ಬೇಗ ಗೊತ್ತಾಗುತ್ತೋ ಅವರು ಹೆಚ್ಚು ಉಳ್ಕೋತಾರೆ." ಯಾರಿಗೆ ಬೇಗ ಗೊತ್ತಾಗುತ್ತೋ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ, ಟೊಮೊಟೊ ಕ್ರೇಟು ಹೊತ್ತ ಟೆಂಪೋಗಳ ಹಾರ್ನಿನ ನಡುವೆ ಆ ಮಾತು ಅವನನ್ನು ಬಿಡಲಿಲ್ಲ. ಸುರೇಶನ ಎದೆಯೊಳಗೆ ಆ ಕೋಶಗಳೆಲ್ಲ ಎಷ್ಟು ವರ್ಷದಿಂದ ಬನ್ನಿ ಬನ್ನಿ ಎಂದು ಕೂಗಿಕೊಳ್ಳುತ್ತಿದ್ದವೋ. ಹೊರಗೆ ನಿಂತು ಏನೂ ಆಗಿಲ್ಲ ಹೋಗ್ರಯ್ಯ ಎಂದು ಊದಿ ಹೇಳಿದವನು ಯಾರು? ಅವನಿಗೆ ನಾಚಿಕೆಯಾಯಿತು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ.

ಬಸ್ಸು ಗೇಟಿನೊಳಗೆ ನಿಂತಿತು. ವ್ಯಾನು ಆಗಲೇ ಬಂದಿತ್ತು. ಅನಿಲ್‌ಕುಮಾರ್ ಇಸ್ತ್ರಿ ಅಂಗಿಯಲ್ಲಿ ಕ್ಯಾಂಟೀನಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಏನಪ್ಪಾ ವಿದ್ವಾನ್, ಕಚೇರಿಗೆ ರೆಡಿನಾ?" ಎಂದ. ಎಲ್ಲರೂ ನಕ್ಕರು. ಕದಿರೇಶನ ತುಟಿಯೂ ಅಭ್ಯಾಸಬಲದಿಂದ ಅಗಲವಾಯಿತು. ಆ ನಗುವನ್ನು ಕಿತ್ತು ಬಿಸಾಡಬೇಕು ಎನಿಸಿತು. ಕ್ಯಾಂಟೀನಿನ ಹಿಂದೆ ಸುರೇಶ ಟ್ಯಾಗು ಬಿಚ್ಚಿ ಅವನ ಕೊರಳಿಗೆ ಹಾಕಿದ. ಹತ್ತಿರದಿಂದ ನೋಡಿದರೆ ಸುರೇಶನ ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗ.

"ಸುರೇಶ, ಡಾಕ್ಟ್ರ ಹತ್ರ ಹೋಗೋಣ ಕಣೋ. ನಾನು ಹೋಗಿದ್ದೆ, ನಂಗೂ ಐತೆ," ಎಂದ ಕದಿರೇಶ, ಮೆಲ್ಲಗೆ.

"ನಿಂಗಾ? ಸುಮ್ಕಿರು ಭಾವ. ನಿಂಗಿದ್ರೆ ನಮ್ಮ ಗತಿ?" ಸುರೇಶ ನಕ್ಕ, ನಗು ಕೆಮ್ಮಾಯಿತು, ಗೋಡೆಗೆ ಕೈಕೊಟ್ಟು ನಿಂತ. "ನಂಗೇನೂ ಆಗಿಲ್ಲ. ಧೂಳಿಗೆ ಗಂಟ್ಲು ಕೆರೀತೈತೆ ಅಷ್ಟೇ. ಹೋದ ವರ್ಷ ನಂದು ಮೆಷಿನ್ನಲ್ಲಿ ನೂರರ ಮೇಲೇ ಬಂದಿತ್ತಲ್ಲ."

"ನಂದು ಅಂತೀಯಲ್ಲೋ. ಅದು ನನ್ನ ಉಸಿರು ಕಣೋ!"

"ಅಯ್ಯೋ ಗೊತ್ತು ಬಿಡು," ಎಂದ ಸುರೇಶ. ಆದರೆ ಅವನ ಮುಖದಲ್ಲಿ ಒಂದು ಗಲಿಬಿಲಿ ಮೂಡಿತು, ಸಂತೆಯಲ್ಲಿ ದಾರಿ ತಪ್ಪಿದವನಿಗೆ ಮೂಡುವಂಥದ್ದು. ಕದಿರೇಶನಿಗೆ ಆಗ ಹೊಳೆಯಿತು. ಇವನು ನಂಬಿದ್ದಾನೆ. ಬೇರೆಯವನ ಉಸಿರೆಂದು ಗೊತ್ತಿದ್ದೂ, ತನ್ನ ಹೆಸರಿನ ಮುಂದೆ ಬಂದ ಅಂಕಿಯನ್ನು ವರ್ಷ ವರ್ಷ ಓದಿ ಓದಿ ನಂಬಿಬಿಟ್ಟಿದ್ದಾನೆ. ಅದಕ್ಕೇ ಹೋದ ವರ್ಷ ಒಣಗಲ್ಲು ಕೊಯ್ಯುವ ಮೆಷಿನ್ನಿಗೆ ಯಾರು ಎಂದಾಗ ನಾನು ನಿಲ್ತೀನಿ ಎಂದು ಮುಂದೆ ಹೋದದ್ದು. ಅವಳೂ ನಂಬಿದ್ದಾಳೆ, ಸಾರಿನ ಡಬ್ಬಿ ಹಿಡಿದವಳು. ಅಷ್ಟೇಕೆ, ಮದುವೆಯಲ್ಲಿ ಸ್ವರ ಕಡಿಯುವ ತನಕ ತಾನೂ ನಂಬಿರಲಿಲ್ಲವೇ, ಸುರೇಶನಿಗೆ ಏನಿಲ್ಲ, ನೆಗಡಿ ಎಂದು?

ಕಾಯುವ ಸಾಲು ಮುಂದೆ ಸರಿಯಿತು. ಒಳಗಿನಿಂದ ಸುರೇಶ್ ಎಂದು ಕೂಗಿದರು. ಕದಿರೇಶ ಹತ್ತಿದ. ಮೆಷಿನ್ನಿನ ಹಿಂದೆ ಅನಿತ ಎಂದು ಹೆಸರು ಬರೆದ ಕೋಟು ತೊಟ್ಟ ಹುಡುಗಿ, ತಲೆ ಎತ್ತದೆ, "ಸುರೇಶ್ ಅಲ್ವಾ, ಕೂತ್ಕೊಳಿ," ಎಂದಳು. ಅವನು ಕೂತ. ಕೊಳವೆ ಕೊಡಲು ಅವಳು ಕೈ ಚಾಚಿದಾಗ ಮಾಸ್ಕು ತೆಗೆದು, ಟೋಪಿಯನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸುರೇಶ್ ಅಲ್ಲಮ್ಮ. ಕದಿರೇಶ್."

"ಟ್ಯಾಗಲ್ಲಿ ಸುರೇಶ್ ಅಂತಿದೆ?"

"ಟ್ಯಾಗು ಅವನ್ದು, ಉಸಿರು ನಂದು. ಕದಿರೇಶ್ ಅಂತ ಬರ್ಕೊಂಡು ಊದ್ಸಿ."

ಅವಳು ಮೊದಲ ಸಲ ಮುಖ ನೋಡಿದಳು. ಹೆಸರು ಬದಲಾಯಿಸಿದಳು. ಅವನು ಕೊಳವೆ ಕಚ್ಚಿದ. ಊದಿ, ಊದಿ, ಇನ್ನೂ ಊದಿ ಎಂದು ಅವಳು ಕೂಗುತ್ತಿದ್ದಳು. ಕೆನ್ನೆಯ ಕಸರತ್ತು, ಅಪ್ಪ ಕಲಿಸಿದ ಮೋಸ, ಯಾವುದನ್ನೂ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಊದಿದ. ಬಲು ಬೇಗ ಮುಗಿದುಹೋಯಿತು. ಇಷ್ಟೇನಾ ಎಂದು ಅವನಿಗೇ ಅಚ್ಚರಿಯಾಗಿ, ಒಂದು ಕ್ಷಣ ಕೊಳವೆಯನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಮತ್ತೆ ಊದಿಸಿದರೂ ಅಷ್ಟೇ ಬಂತು. "ಇದು ಕಮ್ಮಿ ಇದೆ ಅಣ್ಣ. ತುಂಬ ಕಮ್ಮಿ," ಎಂದಳು ಅನಿತ. "ಇರ್ಲಿ. ನಂದೇ ತಾನೆ," ಎಂದು ಎದ್ದ. ವ್ಯಾನಿನ ಬಾಗಿಲಲ್ಲಿ ನಿಂತು, ಸಾಲಿನ ಕಡೆಗೆ ತಿರುಗಿ, ಬರಿಯ ಮುಖದಲ್ಲಿ ಕೂಗಿದ: "ಸುರೇಶಾ! ನಿನ್ನೇ ಕೂಗ್ತಾ ಇರೋದು. ಬಾರೋ!"

ದೊಡ್ಡವೆಂಕಟಪ್ಪ, "ಲೇ ಓಲಗ, ಏನ್ಲಾ ಮಾಡ್ದೆ? ನಮ್ಮ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ!" ಎಂದು ನೆಲಕ್ಕೆ ಉಗಿದ. ಆ ಉಗುಳಿನಲ್ಲಿ ಕಲ್ಲುಹುಡಿಯ ಬಿಳುಪು ಇತ್ತು. ಅವನು ಸಾಲು ಬಿಟ್ಟು ಪಾಲಿಶ್ ಶೆಡ್ಡಿನ ಕಡೆಗೆ ಹೊರಟುಹೋದ. ಸುರೇಶ ಹಲ್ಲು ಕಚ್ಚಿಕೊಂಡು ಹತ್ತಿರ ಬಂದ, "ತಂಗಿ ಮನೆ ಹಾಳ್ಮಾಡೋಕೆ ಹುಟ್ಟಿದೀಯಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಕದಿರೇಶ ಟ್ಯಾಗು ತೆಗೆದು ಅವನ ಕೊರಳಿಗೆ ಹಾಕಿ, ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ. ಬಿಡಿಸಿಕೊಳ್ಳುವ ಶಕ್ತಿಯೂ ಆ ರಟ್ಟೆಯಲ್ಲಿ ಇರಲಿಲ್ಲ.

ಸುರೇಶ ಊದಿದ. ಊದುವಾಗಲೇ ಕೆಮ್ಮು ಬಂತು, ನಿಲ್ಲಿಸಿದ, ನೀರು ಕುಡಿದ, ಮತ್ತೆ ಊದಿದ. ಪರದೆಯ ಮೇಲಿನ ಗೆರೆ ಸ್ವಲ್ಪ ಎದ್ದು, ಸುಸ್ತಾದವನ ಹಾಗೆ ಮಲಗಿಬಿಟ್ಟಿತು. ಅನಿತ ಅಂಕಿ ಹೇಳಿದಳು. ಕದಿರೇಶನದರ ಅರ್ಧಕ್ಕಿಂತ ತುಸು ಮೇಲೆ. ಸುರೇಶ ಪರದೆಯನ್ನೇ ನೋಡುತ್ತ, "ಮೆಷಿನ್ನು ಕೆಟ್ಟೈತಾ?" ಎಂದು ಕೇಳಿದ. ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡ, ಅಲ್ಲಿ ಏನಿದೆ ಎಂದು ಈಗಷ್ಟೇ ತಡಕುವವನ ಹಾಗೆ. "ನಾನು ಚೆನ್ನಾಗಿದೀನಿ ಅಂತ್ಲೇ ಇದ್ದೆ ಭಾವ," ಎಂದ. ಕದಿರೇಶ ಹತ್ತಿರ ಸರಿದ. ಆ ಅಂಗೈಯ ಮೇಲೆ ತನ್ನ ಕೈ ಇಟ್ಟ. ಸುರೇಶ ಕಿತ್ತುಹಾಕಲಿಲ್ಲ.

ಅನಿಲ್‌ಕುಮಾರ್ ಅವಸರವಾಗಿ ಬಂದ. ನಗು ಮುಖದಲ್ಲೇ ಇತ್ತು, ಸ್ವಲ್ಪ ವಾರೆಯಾಗಿತ್ತು. "ಏನೋ ಗೊಂದಲ ಆಗಿದೆ. ಇವನ್ದು ಅಳಿಸಮ್ಮ, ಮಧ್ಯಾಹ್ನ ಇನ್ನೊಂದ್ಸಲ ತಗೊಳ್ಳೋಣ. ಕದಿರೇಶ, ಊಟ ಮಾಡ್ಕೊಂಡು ಸರಿಯಾಗಿ ಊದು," ಎಂದ. ಅನಿತಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಕದಿರೇಶ ಬಾಯಿ ತೆರೆಯುವ ಮೊದಲೇ ಸುರೇಶ ಎದ್ದು ನಿಂತ. "ಅಳಿಸ್ಬೇಡಿ ಮೇಡಂ," ಎಂದ. "ನಂದೇ ಅದು. ಇಷ್ಟು ವರ್ಷದಲ್ಲಿ ಇದೊಂದೇ ನಂದು." ಅನಿತ ಬೆರಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಆಮೇಲೆ ಕದಿರೇಶ, ಸುರೇಶ ಇಬ್ಬರೂ ಕೊಯ್ಯುವ ಶೆಡ್ಡಿಗೆ ನಡೆದರು. ಹೋಗಬೇಕಾದದ್ದು ಗೇಟಿಗೆ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಕದಿರೇಶ ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆಳೆದ. ತಿರುಗುತ್ತಿದ್ದ ಬ್ಲೇಡುಗಳು ನರಳುತ್ತ ನಿಧಾನವಾದವು, ನಿಂತವು. ಕೆಲಸದವರು ಕೈ ಕೆಳಗಿಳಿಸಿ ನೋಡಿದರು. ಪಕ್ಕದ ಶೆಡ್ಡಿನಲ್ಲಿ ದೊಡ್ಡವೆಂಕಟಪ್ಪನ ಪಾಲಿಶ್ ಮೆಷಿನ್ನು ಇನ್ನೂ ಸ್ವಲ್ಪ ಹೊತ್ತು ಓಡಿತು, ಹಟಕ್ಕೆ ಬಿದ್ದ ಹಾಗೆ. ಆಮೇಲೆ ಅದೂ ನಿಂತಿತು. ಅವನು ಬಂದು ಕಂಬಕ್ಕೆ ಒರಗಿ, ಯಾರ ಕಡೆಗೂ ನೋಡದೆ ನಿಂತುಕೊಂಡ. ಧೂಳು ಇಳಿಯತೊಡಗಿತು. ಮೆಷಿನ್ನಿನ ಸದ್ದಿಲ್ಲದ ಆ ಶೆಡ್ಡಿನಲ್ಲಿ ಅಷ್ಟೂ ಜನರ ಉಸಿರು ಕೇಳುತ್ತಿತ್ತು: ಒಬ್ಬನದು ಸೀಟಿ ಹೊಡೆಯುತ್ತಿತ್ತು, ಒಬ್ಬನದು ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟುತ್ತಿತ್ತು. ಎಷ್ಟೋ ವರ್ಷ ಒಟ್ಟಿಗೆ ದುಡಿದವರು, ಒಬ್ಬರ ಉಸಿರನ್ನು ಒಬ್ಬರು ಕೇಳಿಯೇ ಇರಲಿಲ್ಲ.

ಅನಿಲ್‌ಕುಮಾರ್ ಓಡಿ ಬಂದ. ಈಗ ಮುಖದಲ್ಲಿ ನಗುವಿರಲಿಲ್ಲ. "ಯಾರೋ ಸ್ವಿಚ್ ಆಫ್ ಮಾಡಿದ್ದು? ಯಾರಪ್ಪನ ಮನೆ ಅಂದ್ಕೊಂಡಿದೀರಾ?" ಎಂದು ಕಿರುಚಿದ.

ಕದಿರೇಶ ಎರಡು ಹೆಜ್ಜೆ ಮುಂದೆ ಬಂದ. ಹೇಳಬೇಕಾದದ್ದು ಬಾಯಲ್ಲಿ ಸಿದ್ಧವಾಗಿತ್ತು: ನೀರು ಬಿಡಿ, ನೀರು ಬರೋ ತನಕ ಇಲ್ಲೊಂದು ಕಲ್ಲೂ ಕೊಯ್ಯಲ್ಲ, ನಮ್ಮನ್ನ ಕಳಿಸೋದಾದ್ರೆ ಈ ಎದೆಗೆ ಏನಾಯ್ತು ಅಂತ ಬರೆದು ಕಳಿಸಿ. ಆದರೆ ಶೆಡ್ಡಿನ ತನಕ ನಡೆದು ಬಂದದ್ದಕ್ಕೇ ಉಸಿರು ಕಟ್ಟಿತ್ತು. "ನೀ..." ಎಂದ, ಮುಂದೆ ಬರಲಿಲ್ಲ. ಸುರೇಶ, "ಭಾವ, ನಾನು ಹೇಳ್ತೀನಿ ಇರು," ಎಂದ. ಕದಿರೇಶ ಬೇಡವೆಂದು ಕೈಯಾಡಿಸಿದ. ಮಂಡಿಯ ಮೇಲೆ ಕೈಯೂರಿ ಬಾಗಿ, ಬಾಯಿ ತೆರೆದು ಗಾಳಿ ಎಳೆದುಕೊಂಡ. ಸಾಲದೆ ಇನ್ನೊಮ್ಮೆ ಎಳೆದುಕೊಂಡ. ಮ್ಯಾನೇಜರ್ ಗಡಿಯಾರ ನೋಡಿದ, ಕಾಲು ಬದಲಿಸಿದ, ಬೇಗ ಬೊಗಳೋ ಎಂದ. ಕದಿರೇಶ ತಲೆ ಎತ್ತಿ ಅವನನ್ನೇ ನೆಟ್ಟಗೆ ನೋಡುತ್ತ, ಅವಸರ ಮಾಡದೆ ಉಸಿರಾಡಿದ. ಇಷ್ಟು ದಿನ ಊರಿಗೆಲ್ಲ ಊದಿ ಕೊಟ್ಟ ಉಸಿರು, ಈಗ ಬರುವಷ್ಟು ಹೊತ್ತಿಗೆ ಬರುತ್ತದೆ. ಬರುವ ತನಕ ಆ ಮ್ಯಾನೇಜರ್ ಕಾಯಬೇಕು. ಕಾಯಲಿ.